ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ (ಆಗಸ್ಟ್ 29, 1876 – ನವೆಂಬರ್ 1958) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಎಂಜಿನಿಯರ್, ಸಂಶೋಧಕ ಹಾಗೂ ಉದ್ಯಮಿ. ಮೋಟಾರು ಕಾರುಗಳ ಬ್ಯಾಟರಿ-ಕಾಯಿಲ್ ಇಗ್ನಿಷನ್ ವ್ಯವಸ್ಥೆಯನ್ನು ವ್ಯವಹಾರಯೋಗ್ಯವಾಗಿ ರೂಪಿಸಿದವರು ಮತ್ತು ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಯಶಸ್ವಿಯಾಗಿ ಅಳವಡಿಸಿದವರು ಎಂದು ಇವರನ್ನು ಸ್ಮರಿಸಲಾಗುತ್ತದೆ. ಡೆಲ್ಕೋ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇವರು 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಇವರ ಹೆಸರಿನಲ್ಲಿ 186 ಪೇಟೆಂಟುಗಳಿವೆ. ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿಯೂ ಇವರ ಪ್ರಯೋಗಾಲಯದಿಂದಲೇ ಹೊರಬಂದದ್ದರಿಂದ, ಇವರ ಸಾಧನೆಯನ್ನು ಇಂದು ಮೆಚ್ಚುಗೆ ಮತ್ತು ವಿಮರ್ಶೆ ಎರಡರ ಬೆಳಕಿನಲ್ಲೂ ನೋಡಲಾಗುತ್ತದೆ.

ಜನನ ಮತ್ತು ಬಾಲ್ಯ

ಕೆಟರಿಂಗ್ ಅವರು ಒಹಾಯೋ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಸಮೀಪದ ರೈತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜೇಕಬ್ ಕೆಟರಿಂಗ್, ತಾಯಿ ಮಾರ್ಥಾ ಹಂಟರ್ ಕೆಟರಿಂಗ್. ಹೊಲದ ಕೆಲಸದ ನಡುವೆ ಬೆಳೆದ ಬಾಲಕನಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿಯಿತ್ತು. ಆದರೆ ಚಿಕ್ಕಂದಿನಿಂದಲೂ ದೃಷ್ಟಿದೋಷ ಕಾಡುತ್ತಿತ್ತು. ಸ್ವಲ್ಪ ಹೊತ್ತು ಓದಿದರೂ ಕಣ್ಣು ನೋಯುತ್ತಿತ್ತು, ತಲೆನೋವು ಬರುತ್ತಿತ್ತು. ಈ ತೊಂದರೆ ಅವರ ವಿದ್ಯಾಭ್ಯಾಸದ ಉದ್ದಕ್ಕೂ ಅಡ್ಡಿಯಾಯಿತು.

ಶಿಕ್ಷಕ ವೃತ್ತಿ ಮತ್ತು ಶಿಕ್ಷಣ

ಪ್ರೌಢಶಾಲೆಯ ನಂತರ ಕೆಟರಿಂಗ್ ಕೈಗೊಂಡ ಮೊದಲ ವೃತ್ತಿ ಅಧ್ಯಾಪನ. ಬಂಕರ್ ಹಿಲ್ ಎಂಬಲ್ಲಿನ ಗ್ರಾಮೀಣ ಶಾಲೆಯಲ್ಲಿ ಅವರು ಉಪಾಧ್ಯಾಯರಾದರು. ಸಂಜೆಯ ವೇಳೆ ವಿದ್ಯುತ್ತು, ಶಾಖ, ಕಾಂತತೆ, ಗುರುತ್ವ ಮೊದಲಾದ ವಿಷಯಗಳನ್ನು ಪ್ರಯೋಗಗಳ ಮೂಲಕ ಮಾಡಿ ತೋರಿಸುತ್ತಿದ್ದರು. ಪುಸ್ತಕಕ್ಕಿಂತ ಪ್ರಯೋಗದಿಂದ ಕಲಿಯುವ ಈ ರೀತಿ ಅವರಿಗೆ ಜೀವನಪರ್ಯಂತ ಉಳಿದುಬಂದಿತು.

ಕೆಲಕಾಲ ವೂಸ್ಟರ್ ಕಾಲೇಜಿನಲ್ಲಿ ಓದಿದ ಬಳಿಕ ಅವರು ಒಹಾಯೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದರು. ಕಣ್ಣಿನ ತೊಂದರೆ ಉಲ್ಬಣಿಸಿದ್ದರಿಂದ ವ್ಯಾಸಂಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ಆಶ್‌ಲ್ಯಾಂಡ್ ಪ್ರದೇಶದಲ್ಲಿ ದೂರವಾಣಿ ತಂತಿಗಳನ್ನು ಎಳೆಯುವ ತಂಡದ ಮೇಲ್ವಿಚಾರಕರಾಗಿ ಕೆಲಸ ಮಾಡಿದರು. ಕಂಬ ನೆಡುವುದು, ತಂತಿ ಎಳೆಯುವುದು, ಕೆಟ್ಟ ದೂರವಾಣಿಯ ದೋಷವನ್ನು ಹುಡುಕುವುದು ಇವು ಅವರಿಗೆ ವಿದ್ಯುತ್ ಮಂಡಲಗಳ ಪ್ರತ್ಯಕ್ಷ ಅನುಭವವನ್ನು ಕೊಟ್ಟವು. ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಿ, 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದಾಗ ಅವರ ವಯಸ್ಸು ಇಪ್ಪತ್ತೆಂಟರ ಆಸುಪಾಸಿನಲ್ಲಿತ್ತು.

1905ರಲ್ಲಿ ಆಶ್‌ಲ್ಯಾಂಡಿನ ಆಲಿವ್ ವಿಲಿಯಮ್ಸ್ ಅವರನ್ನು ವಿವಾಹವಾದರು. 1908ರಲ್ಲಿ ಇವರ ಏಕೈಕ ಪುತ್ರ ಯೂಜೀನ್ ಜನಿಸಿದನು.

ನಗದು ಯಂತ್ರದಿಂದ ಕೊಟ್ಟಿಗೆಯವರೆಗೆ

ಪದವಿಯ ನಂತರ ಕೆಟರಿಂಗ್ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಸಂಶೋಧನಾ ವಿಭಾಗಕ್ಕೆ ಸೇರಿದರು. ಅಂಗಡಿಗಳಲ್ಲಿ ಬಳಸುವ ನಗದು ಯಂತ್ರವನ್ನು ಆ ಕಾಲದಲ್ಲಿ ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ಕೆಟರಿಂಗ್ ಪುಟ್ಟ ವಿದ್ಯುತ್ ಮೋಟಾರನ್ನು ಜೋಡಿಸಿದರು. ನಗದು ಯಂತ್ರದ ಮೋಟಾರು ದಿನವಿಡೀ ಓಡಬೇಕಾಗಿಲ್ಲ, ಒಂದು ಕ್ಷಣ ಬಲವಾಗಿ ತಿರುಗಿದರೆ ಸಾಕು ಎಂಬುದು ಅವರು ಇಲ್ಲಿ ಕಂಡುಕೊಂಡ ತತ್ತ್ವ. ಅಲ್ಪಕಾಲ ಮಾತ್ರ ಕೆಲಸ ಮಾಡುವ ಮೋಟಾರು ತನ್ನ ಗಾತ್ರಕ್ಕೆ ಮೀರಿದ ಭಾರವನ್ನು ಬಿಸಿಯೇರುವ ಮುನ್ನವೇ ಎಳೆದು ಮುಗಿಸಬಲ್ಲದು. ಮುಂದೆ ಕಾರಿನ ಸ್ಟಾರ್ಟರಿಗೂ ಇದೇ ತತ್ತ್ವ ಆಧಾರವಾಯಿತು.

ಅದೇ ಕಂಪನಿಯ ಹಿರಿಯ ಅಧಿಕಾರಿ ಎಡ್ವರ್ಡ್ ಡೀಡ್ಸ್ ಅವರ ಸ್ನೇಹ ಕೆಟರಿಂಗ್ ಜೀವನದ ದಿಕ್ಕನ್ನು ಬದಲಿಸಿತು. ಡೀಡ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲಸದ ಅವಧಿಯ ನಂತರ ರಾತ್ರಿಗಳಲ್ಲಿ, ವಾರಾಂತ್ಯಗಳಲ್ಲಿ ಕೆಟರಿಂಗ್ ಮತ್ತು ಸಹೋದ್ಯೋಗಿಗಳು ಮೋಟಾರು ಕಾರಿನ ವಿದ್ಯುತ್ ಉಪಕರಣಗಳ ಮೇಲೆ ಪ್ರಯೋಗ ನಡೆಸತೊಡಗಿದರು. ವಿಲಿಯಮ್ ಕ್ರಿಸ್ಟ್ ಮೊದಲಾದವರಿದ್ದ ಈ ಗುಂಪು ಕೊಟ್ಟಿಗೆ ಬಳಗವೆಂದೇ ಹೆಸರಾಯಿತು. 1909ರಲ್ಲಿ ಕೆಟರಿಂಗ್ ಮತ್ತು ಡೀಡ್ಸ್ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯನ್ನು ಸ್ಥಾಪಿಸಿದರು. ಆ ಹೆಸರಿನ ಸಂಕ್ಷಿಪ್ತ ರೂಪವೇ ಡೆಲ್ಕೋ.

ಇಗ್ನಿಷನ್ ವ್ಯವಸ್ಥೆ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸರಿಯಾದ ಕ್ಷಣದಲ್ಲಿ ಒಂದು ಕಿಡಿ ಹೊತ್ತಿಸಬೇಕು. ಬ್ಯಾಟರಿ ಮತ್ತು ಕಾಯಿಲ್ ಬಳಸಿ ಕಿಡಿ ಹುಟ್ಟಿಸುವುದು ಕೆಟರಿಂಗ್ ಅವರಿಗಿಂತ ಮೊದಲೇ ತಿಳಿದಿತ್ತು. ಫ್ರಾನ್ಸಿನ ಡಿ ಡಿಯೋನ್-ಬೂಟೋನ್ ಕಂಪನಿಯ ಪುಟ್ಟ ಎಂಜಿನ್ನುಗಳಲ್ಲಿ 19ನೆಯ ಶತಮಾನದ ಕೊನೆಯಲ್ಲೇ ಈ ಕ್ರಮವಿತ್ತು. ಆದರೆ ಅಮೆರಿಕದಲ್ಲಿ ಬಳಕೆಯಲ್ಲಿದ್ದ ಅನೇಕ ವ್ಯವಸ್ಥೆಗಳಲ್ಲಿ ಕಂಪಿಸುವ ಕಾಯಿಲ್ ಒಂದೇ ಹೊಡೆತಕ್ಕೆ ಕಿಡಿಗಳ ಸುರಿಮಳೆಯನ್ನೇ ಸುರಿಸುತ್ತಿತ್ತು. ಇದರಿಂದ ಒಣ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು, ಕಿಡಿಯ ಕ್ಷಣವೂ ನಿಖರವಾಗಿರುತ್ತಿರಲಿಲ್ಲ. ಮ್ಯಾಗ್ನೆಟೋ ಎಂಬ ಇನ್ನೊಂದು ಸಾಧನಕ್ಕೆ ಬ್ಯಾಟರಿ ಬೇಕಿರಲಿಲ್ಲವಾದರೂ ಅದು ದುಬಾರಿಯಾಗಿತ್ತು ಮತ್ತು ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಕಿಡಿ ದುರ್ಬಲವಾಗಿರುತ್ತಿತ್ತು.

ಪ್ರತಿ ಹೊಡೆತಕ್ಕೂ ಒಂದೇ ಒಂದು ಬಲವಾದ ಕಿಡಿ ಬರುವಂತೆ ಕೆಟರಿಂಗ್ ತಂಡವು ಮಂಡಲವನ್ನು ಮಾರ್ಪಡಿಸಿತು. ಇದರಿಂದ ಬ್ಯಾಟರಿಯ ಬಾಳಿಕೆ ಬಹಳವಾಗಿ ಹೆಚ್ಚಿತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲೆಂಡ್ 1909ರಲ್ಲಿ ಇಂತಹ 8,000 ಜೋಡಣೆಗಳಿಗೆ ಬೇಡಿಕೆ ಸಲ್ಲಿಸಿದರು. 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಇದರೊಂದಿಗೆ ಮಾರುಕಟ್ಟೆಗೆ ಬಂದವು. ಮುಂದೆ ಕಾರಿನಲ್ಲಿಯೇ ಮರುಪೂರಣಗೊಳ್ಳುವ ಬ್ಯಾಟರಿ ಮತ್ತು ಡೈನಮೋ ಬಂದ ಮೇಲೆ ಈ ವ್ಯವಸ್ಥೆ ಜಗತ್ತಿನಾದ್ಯಂತ ಹರಡಿ, ಸುಮಾರು ಆರು ದಶಕಗಳ ಕಾಲ ಪೆಟ್ರೋಲ್ ಕಾರುಗಳ ಸಾಮಾನ್ಯ ವ್ಯವಸ್ಥೆಯಾಗಿ ಉಳಿಯಿತು. ಭಾರತದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿಯೂ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್‌ಗಳಲ್ಲಿಯೂ ಇದ್ದದ್ದು ಇದೇ ತತ್ತ್ವದ ಇಗ್ನಿಷನ್.

ಕಾರ್ಯವಿಧಾನ

ಈ ವ್ಯವಸ್ಥೆಯಲ್ಲಿ ಎರಡು ಮಂಡಲಗಳಿವೆ. ಮೊದಲನೆಯದು 6 ಅಥವಾ 12 ವೋಲ್ಟಿನ ಕಡಿಮೆ ಒತ್ತಡದ ಮಂಡಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿಕೈ ಸ್ವಿಚ್ಚಿನ ಮೂಲಕ ಕಾಯಿಲಿನ ಪ್ರಾಥಮಿಕ ಸುರುಳಿಯನ್ನು ಹಾದು, ಪಾಯಿಂಟ್ ಎಂದು ಕರೆಯುವ ಸಂಪರ್ಕ ಜೋಡಿಯ ಮುಖಾಂತರ ಎಂಜಿನ್ನಿನ ಲೋಹಭಾಗಕ್ಕೆ, ಅಂದರೆ ಅರ್ತ್‌ಗೆ ಸೇರುತ್ತದೆ. ಎಂಜಿನ್ ತಿರುಗಿದಂತೆ ಒಂದು ಕ್ಯಾಮ್ ಪಾಯಿಂಟನ್ನು ತೆರೆಯುತ್ತದೆ. ಆ ಕ್ಷಣ ಪ್ರಾಥಮಿಕ ಸುರುಳಿಯ ಪ್ರವಾಹ ಕಡಿದು, ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಸಾವಿರಾರು ಸುತ್ತುಗಳಿರುವ ದ್ವಿತೀಯಕ ಸುರುಳಿಯಲ್ಲಿ ಆಗ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಇದು ಎರಡನೆಯ ಮಂಡಲ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಈ ಒತ್ತಡವನ್ನು ಸರದಿಯಂತೆ ಒಂದೊಂದು ಸ್ಪಾರ್ಕ್ ಪ್ಲಗ್ಗಿಗೆ ಹಂಚುತ್ತದೆ.

ಪಾಯಿಂಟಿಗೆ ಸಮಾನಾಂತರವಾಗಿ ಒಂದು ಕಂಡೆನ್ಸರ್ ಇರುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರದಂತೆ ಪ್ರವಾಹವನ್ನು ಹೀರಿಕೊಂಡು, ಕಾಂತಕ್ಷೇತ್ರವು ಥಟ್ಟನೆ ಕುಸಿಯುವಂತೆ ಮಾಡುವುದು ಇದರ ಕೆಲಸ. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಾಯಿಂಟ್ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತದೆ. ಇಷ್ಟು ಕೆಲಸ ಮಾಡುವ ಭಾಗ ಸವೆಯುವುದು ಸಹಜ. ಹಳೆಯ ಕಾರುಗಳಲ್ಲಿ ಇಗ್ನಿಷನ್ ದೋಷಗಳು ಮತ್ತೆ ಮತ್ತೆ ತಲೆದೋರಲು ಇದೇ ಮುಖ್ಯ ಕಾರಣ.

ದೋಷಪತ್ತೆಯ ಕ್ರಮ

ಕೆಟರಿಂಗ್ ಮಾದರಿಯ ಇಗ್ನಿಷನ್ನಿನ ದೊಡ್ಡ ಗುಣವೆಂದರೆ ಅದರ ಪ್ರತಿಯೊಂದು ಭಾಗವನ್ನೂ ಸರಳ ಉಪಕರಣಗಳಿಂದ ಪರೀಕ್ಷಿಸಬಹುದು. ಹಳೆಯ ಕಾರುಗಳನ್ನು ಉಳಿಸಿಕೊಂಡಿರುವವರು ಇಂದಿಗೂ ಅನುಸರಿಸುವ ಕ್ರಮವು ಹೀಗಿದೆ. ಪರೀಕ್ಷೆಗೆ ಮುನ್ನ ಗೇರನ್ನು ತಟಸ್ಥದಲ್ಲಿಟ್ಟು, ಕೈಬ್ರೇಕ್ ಹಾಕಿ, ಸಮೀಪದಲ್ಲಿ ಪೆಟ್ರೋಲ್ ಸೋರಿಕೆಯಾಗಲಿ ಅದರ ಆವಿಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಧಿಕ ಒತ್ತಡದ ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದು.

ಮೊದಲು ಬ್ಯಾಟರಿಯ ತುದಿಗಳು ಮತ್ತು ಅರ್ತ್ ಪಟ್ಟಿ ಶುಚಿಯಾಗಿ, ಬಿಗಿಯಾಗಿ ಇವೆಯೇ ಎಂದು ನೋಡಬೇಕು. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ದೋಷ ಇಗ್ನಿಷನ್ನಿನಲ್ಲಿ ಇರದೆ ಬ್ಯಾಟರಿಯಲ್ಲಿಯೇ ಇರಬಹುದು. ಆಮೇಲೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುಭಾಗಕ್ಕೆ ಬರುವ ದಪ್ಪ ತಂತಿಯನ್ನು ಕಿತ್ತು, ಅವಾಹಕ ಹಿಡಿಯ ಇಕ್ಕಳದಿಂದ ಅದರ ತುದಿಯನ್ನು ಎಂಜಿನ್ನಿನ ಲೋಹದಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿ ಹಿಡಿದು ಎಂಜಿನ್ ತಿರುಗಿಸಬೇಕು. ದಪ್ಪನೆಯ ನೀಲಿ ಕಿಡಿ ಹಾರಿದರೆ ಕಾಯಿಲ್ ಮತ್ತು ಪಾಯಿಂಟ್ ಕೆಲಸ ಮಾಡುತ್ತಿವೆ ಎಂದರ್ಥ. ಆಗ ದೋಷವನ್ನು ಮುಂದಿನ ಭಾಗಗಳಲ್ಲಿ, ಅಂದರೆ ರೋಟರ್, ಡಿಸ್ಟ್ರಿಬ್ಯೂಟರ್ ಮುಚ್ಚಳ, ಪ್ಲಗ್ ತಂತಿಗಳು ಮತ್ತು ಪ್ಲಗ್ಗುಗಳಲ್ಲಿ ಹುಡುಕಬೇಕು. ಕಿಡಿ ಇಲ್ಲದಿದ್ದರೆ ಅಥವಾ ತೆಳುವಾಗಿ ಹಳದಿ ಬಣ್ಣದಲ್ಲಿದ್ದರೆ ದೋಷ ಹಿಂದಿನ ಭಾಗದಲ್ಲಿದೆ. ಈ ಒಂದೇ ಪರೀಕ್ಷೆ ಇಡೀ ವ್ಯವಸ್ಥೆಯನ್ನು ಎರಡಾಗಿ ವಿಭಾಗಿಸಿಕೊಡುತ್ತದೆ.

ಹಿಂದಿನ ಭಾಗದ ಪರೀಕ್ಷೆಗೆ ಒಂದು ಪುಟ್ಟ ಬಲ್ಬು ಸಾಕು. ಅದರ ಒಂದು ತುದಿಯನ್ನು ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತುದಿಗೂ ಇನ್ನೊಂದನ್ನು ಅರ್ತ್‌ಗೂ ತಾಗಿಸಿ, ಕೀಲಿಕೈ ತಿರುವಿ ಎಂಜಿನ್ ತಿರುಗಿಸಬೇಕು. ಪಾಯಿಂಟ್ ತೆರೆದಾಗ ಬಲ್ಬು ಉರಿದು, ಮುಚ್ಚಿದಾಗ ಆರುತ್ತ ಮಿನುಗಿದರೆ ಪ್ರಾಥಮಿಕ ಮಂಡಲ ಸರಿಯಾಗಿದೆ. ಸತತವಾಗಿ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೆ ಅದರ ಮುಖದಲ್ಲಿ ಕೊಳೆ ಅಥವಾ ಸುಟ್ಟ ಪದರವಿದೆ. ಬಲ್ಬು ಉರಿಯದೇ ಇದ್ದರೆ ಪಾಯಿಂಟಿಗೆ ಹೋಗುವ ತಂತಿಯನ್ನು ಕಾಯಿಲಿನಿಂದ ಬಿಡಿಸಿ ಮತ್ತೆ ನೋಡಬೇಕು. ಈಗ ಉರಿದರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಕಂಡೆನ್ಸರ್ ಇಲ್ಲವೇ ಅಲ್ಲಿನ ತಂತಿ ಅರ್ತ್‌ಗೆ ತಗುಲಿಕೊಂಡಿದೆ. ಆಗಲೂ ಉರಿಯದಿದ್ದರೆ ಕಾಯಿಲಿನ ಪ್ರಾಥಮಿಕ ಸುರುಳಿ ಕಡಿದಿದೆ, ಇಲ್ಲವೆ ಸ್ವಿಚ್ಚಿನಿಂದ ವಿದ್ಯುತ್ತೇ ಬರುತ್ತಿಲ್ಲ.

ಬಲ್ಬು ಮಿನುಗಿದರೂ ಕಿಡಿ ದುರ್ಬಲವಾಗಿದ್ದರೆ ಕಂಡೆನ್ಸರ್ ಮತ್ತು ಕಾಯಿಲ್ ಮೇಲೆ ಸಂಶಯ ಪಡಬೇಕು. ಪಾಯಿಂಟಿನ ನಡುವೆ ಢಾಳಾಗಿ ಕಿಡಿ ಕಾಣಿಸುವುದು ಮತ್ತು ಅದರ ಮುಖಗಳು ಬೇಗ ಸುಡುವುದು ಕಂಡೆನ್ಸರ್ ಕೆಟ್ಟಿರುವ ಲಕ್ಷಣ. ಸುಸ್ಥಿತಿಯಲ್ಲಿರುವ ಇನ್ನೊಂದನ್ನು ಹಾಕಿ ನೋಡುವುದೇ ಇದಕ್ಕೆ ಸುಲಭದ ಪರೀಕ್ಷೆ. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಓಡುವ ಕಾರಿನಲ್ಲಿ ಕಾಯಿಲಿನ ಒಳಗಿನ ನಿರೋಧಕ ಹೊದಿಕೆ ಶಿಥಿಲವಾಗಿರಬಹುದು. ಆದರೆ ಬೇಸಿಗೆಯಲ್ಲಿ ಪೆಟ್ರೋಲ್ ನಳಿಕೆಯಲ್ಲಿಯೇ ಆವಿಯಾದಾಗಲೂ ಇದೇ ಲಕ್ಷಣ ಕಾಣುತ್ತದೆ. ಕಾರು ನಿಂತ ಆ ಕ್ಷಣದಲ್ಲಿಯೇ ಕಿಡಿಯನ್ನು ಪರೀಕ್ಷಿಸಿದರೆ ಎರಡನ್ನೂ ಬೇರ್ಪಡಿಸಬಹುದು. ತಣಿದ ಮೇಲೆ ಪರೀಕ್ಷಿಸಿದರೆ ಪ್ರಯೋಜನವಿಲ್ಲ.

ಮಳೆಗಾಲದ ತೊಂದರೆಗಳು ಬಹುಮಟ್ಟಿಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದವು. ಒಳಗೆ ತೇವ ಕೂತರೆ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಸೋರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುವುದುಂಟು. ಆದರೆ ಮುಚ್ಚಳದ ಒಳಗೆ ಪೆನ್ಸಿಲ್ ಗೀಟಿನಂತಹ ಕಪ್ಪು ಗೆರೆ ಅಥವಾ ಬಿರುಕು ಕಂಡರೆ ಅದನ್ನು ಬದಲಿಸಲೇಬೇಕು. ಪ್ಲಗ್ ತಂತಿಗಳನ್ನು ಬಿಚ್ಚಿದರೆ ಮರುಜೋಡಣೆಯ ಕ್ರಮ ತಪ್ಪಬಾರದು. ನಾಲ್ಕು ಸಿಲಿಂಡರಿನ ಅನೇಕ ಕಾರುಗಳಲ್ಲಿ ಈ ಕ್ರಮ 1-3-4-2 ಆಗಿರುತ್ತದೆ.

ಕೊನೆಯದಾಗಿ ಅಂತರ ಮತ್ತು ಸಮಯ. ಪೂರ್ಣವಾಗಿ ತೆರೆದಾಗ ಪಾಯಿಂಟಿನ ಅಂತರ ಸಾಮಾನ್ಯವಾಗಿ 0.4 ಮಿಲಿಮೀಟರಿನ ಆಸುಪಾಸಿನಲ್ಲಿಯೂ ಪ್ಲಗ್ಗಿನ ಅಂತರ 0.6 ಮಿಲಿಮೀಟರಿನ ಆಸುಪಾಸಿನಲ್ಲಿಯೂ ಇರುತ್ತದೆ. ಆಯಾ ಕಾರಿನ ಕೈಪಿಡಿಯ ಅಳತೆಯೇ ಅಂತಿಮ. ಕ್ಯಾಮಿಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ, ಕಿಡಿ ತಡವಾಗಿ ಬರುತ್ತದೆ. ಆದ್ದರಿಂದ ಮೊದಲು ಅಂತರವನ್ನು, ಆಮೇಲೆ ಸಮಯವನ್ನು ಸರಿಪಡಿಸಬೇಕೇ ಹೊರತು ಇದಕ್ಕೆ ವಿರುದ್ಧವಾಗಿ ಅಲ್ಲ. ಎಂಜಿನ್ ನಿಂತಿರುವಾಗ ಕೀಲಿಕೈಯನ್ನು ಬಹಳ ಹೊತ್ತು ಚಾಲೂ ಇಡುವುದೂ ಸಲ್ಲದು. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ.

ವಿದ್ಯುತ್ ಸ್ಟಾರ್ಟರ್

ಆರಂಭದ ಕಾರುಗಳನ್ನು ಮುಂಭಾಗದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಕಿಡಿ ಬೇಗನೆ ಹಾರುವಂತೆ ಹೊಂದಿಸಿದ್ದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಕೈಮೂಳೆ ಮುರಿಯುವುದು ಸಾಮಾನ್ಯವಾಗಿತ್ತು. ಬೈರನ್ ಕಾರ್ಟರ್ ಎಂಬ ಕಾರು ತಯಾರಕರು ಹೀಗೆ ಹ್ಯಾಂಡಲ್ ಬಡಿದು ಗಾಯಗೊಂಡು 1908ರಲ್ಲಿ ಮರಣ ಹೊಂದಿದರೆಂದೂ, ಅವರ ಮಿತ್ರರಾಗಿದ್ದ ಲೇಲೆಂಡ್ ಇದರಿಂದ ನೊಂದು ಹ್ಯಾಂಡಲನ್ನೇ ಇಲ್ಲವಾಗಿಸಲು ನಿರ್ಧರಿಸಿದರೆಂದೂ ಪ್ರತೀತಿಯಿದೆ.

ವಿದ್ಯುತ್ ಸ್ಟಾರ್ಟರಿನ ಕಲ್ಪನೆಯೂ ಹೊಸದಾಗಿರಲಿಲ್ಲ. ಕ್ಲೈಡ್ ಕೋಲ್ಮನ್ ಎಂಬವರು 1903ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಎಂಜಿನ್ನನ್ನು ತಿರುಗಿಸಬಲ್ಲ ಮೋಟಾರು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡದಾಗಿರಬೇಕು ಎಂಬ ಭಾವನೆ ಬೇರೂರಿತ್ತು. ನಗದು ಯಂತ್ರದ ಅನುಭವವಿದ್ದ ಕೆಟರಿಂಗ್ ಅವರಿಗೆ ಇಲ್ಲಿ ದಾರಿ ಕಂಡಿತು. ಕೆಲವೇ ಸೆಕೆಂಡು ಕೆಲಸ ಮಾಡುವ ಪುಟ್ಟ ಮೋಟಾರೇ ಸಾಕು. ಎಂಜಿನ್ ಚಾಲೂ ಆದ ಮೇಲೆ ಅದೇ ಯಂತ್ರವು ಡೈನಮೋ ಆಗಿ ಬ್ಯಾಟರಿಯನ್ನು ತುಂಬಿಸುವಂತೆ ಅವರು ರೂಪಿಸಿದರು. ಎಂಜಿನ್ ಚಾಲೂ ಮಾಡಲು 24 ವೋಲ್ಟ್, ಬ್ಯಾಟರಿ ತುಂಬಿಸಲು 6 ವೋಲ್ಟ್ ಎಂಬ ಏರ್ಪಾಡು ಇತ್ತು. 1911ರ ಫೆಬ್ರವರಿಯಲ್ಲಿ ಮೊದಲ ಸ್ಟಾರ್ಟರನ್ನು ಕ್ಯಾಡಿಲಾಕ್ ಕಾರಿಗೆ ಜೋಡಿಸಲಾಯಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಸ್ಟಾರ್ಟರ್, ದೀಪ ಮತ್ತು ಇಗ್ನಿಷನ್ ಮೂರೂ ಒಂದೇ ವ್ಯವಸ್ಥೆಯಾಗಿ ಬಂದವು. ಇದರ ಪೇಟೆಂಟ್ 1915ರ ಆಗಸ್ಟಿನಲ್ಲಿ ಮಂಜೂರಾಯಿತು. ದೈಹಿಕ ಬಲದ ಅಗತ್ಯ ತಪ್ಪಿದ್ದರಿಂದ ಮಹಿಳೆಯರೂ ವಯಸ್ಸಾದವರೂ ಇನ್ನೊಬ್ಬರ ನೆರವಿಲ್ಲದೆ ಕಾರು ಓಡಿಸುವುದು ಸುಲಭವಾಯಿತು.

ಜನರಲ್ ಮೋಟಾರ್ಸ್ ಕಂಪನಿಯಲ್ಲಿ

ಡೆಲ್ಕೋ ಕಂಪನಿಯನ್ನು 1916ರಲ್ಲಿ ಯುನೈಟೆಡ್ ಮೋಟಾರ್ಸ್ ಖರೀದಿಸಿತು. 1918ರಲ್ಲಿ ಅದು ಜನರಲ್ ಮೋಟಾರ್ಸ್‌ನಲ್ಲಿ ಲೀನವಾಯಿತು. ಇದೇ ಅವಧಿಯಲ್ಲಿ ಕೆಟರಿಂಗ್ ವಿದ್ಯುತ್ ಸಂಪರ್ಕವಿಲ್ಲದ ಹಳ್ಳಿಯ ಮನೆಗಳಿಗಾಗಿ ಡೆಲ್ಕೋ-ಲೈಟ್ ಎಂಬ ಪುಟ್ಟ ವಿದ್ಯುತ್ ಉತ್ಪಾದಕವನ್ನು ಹೊರತಂದರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಕೆಟರಿಂಗ್ ಬಗ್ ಎಂಬ ಚಾಲಕರಹಿತ ಹಾರುವ ಬಾಂಬನ್ನು ರೂಪಿಸಿದರು. ಯುದ್ಧ ಮುಗಿದುದರಿಂದ ಅದರ ಬಳಕೆಯಾಗಲಿಲ್ಲ.

1920ರಲ್ಲಿ ಅವರು ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗದ ಹೊಣೆ ಹೊತ್ತರು. ಅವರ ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ನೀರಿನ ಬದಲು ಗಾಳಿಯಿಂದ ತಣಿಯುವ, ತಾಮ್ರದ ರೆಕ್ಕೆಗಳುಳ್ಳ ಎಂಜಿನ್ನನ್ನು 1923ರಲ್ಲಿ ಷೆವ್ರೊಲೆ ಕಾರಿನಲ್ಲಿ ಅಳವಡಿಸಲಾಯಿತು. ಕೆಲವು ನೂರು ಕಾರುಗಳಷ್ಟೇ ತಯಾರಾಗಿ, ಅನೇಕ ದೋಷಗಳು ಕಂಡುಬಂದು, ಮಾರಿದ ಕಾರುಗಳನ್ನು ಕಂಪನಿ ವಾಪಸು ಪಡೆಯಬೇಕಾಯಿತು. ಇದರ ಜೊತೆಗೆ ಬೇಗನೆ ಒಣಗುವ ಡ್ಯೂಕೋ ಬಣ್ಣ, ರೈಲು ಎಂಜಿನ್ನುಗಳಿಗೆ ಬೇಕಾದ ಹಗುರವಾದ ಎರಡು ಹೊಡೆತದ ಡೀಸೆಲ್ ಎಂಜಿನ್ ಮುಂತಾದ ಯಶಸ್ಸುಗಳೂ ಇದ್ದವು. ಡೀಸೆಲ್ ರೈಲು ಎಂಜಿನ್ನಿನ ಬೆಳವಣಿಗೆಯಲ್ಲಿ ಅವರ ಪುತ್ರ ಯೂಜೀನ್ ಪ್ರಮುಖ ಪಾತ್ರ ವಹಿಸಿದರು.

ಸೀಸಯುಕ್ತ ಪೆಟ್ರೋಲ್

ಕೆಟರಿಂಗ್ ಜೀವನದ ಅತ್ಯಂತ ವಿವಾದಾತ್ಮಕ ಅಧ್ಯಾಯದ ಮೂಲವೂ ಇಗ್ನಿಷನ್ನಿನಲ್ಲಿಯೇ ಇದೆ. ಹೆಚ್ಚು ಒತ್ತಡದ ಎಂಜಿನ್ನುಗಳಲ್ಲಿ ಬಡಿತದ ಸದ್ದು ಕೇಳಿಬರುತ್ತಿತ್ತು. ಇದಕ್ಕೆ ಡೆಲ್ಕೋ ಇಗ್ನಿಷನ್ನೇ ಕಾರಣವೆಂದು ಪ್ರತಿಸ್ಪರ್ಧಿಗಳು ಆರೋಪಿಸಿದರು. ಕಿಡಿಯಿಂದ ಹೊತ್ತಿದ ಜ್ವಾಲೆ ತಲಪುವ ಮೊದಲೇ ಸಿಲಿಂಡರಿನ ಅಂಚಿನ ಮಿಶ್ರಣವು ತಾನಾಗಿಯೇ ಸ್ಫೋಟಿಸುವುದೇ ಈ ಬಡಿತದ ಕಾರಣವೆಂದು ಇಂದು ತಿಳಿದಿದೆ. ದೋಷ ಇಂಧನದಲ್ಲಿದೆ ಎಂದು ತೋರಿಸಲು ಕೆಟರಿಂಗ್ 1916ರಲ್ಲಿ ಥಾಮಸ್ ಮಿಡ್ಜ್‌ಲಿ ಎಂಬ ತರುಣ ಎಂಜಿನಿಯರನ್ನು ನಿಯೋಜಿಸಿದರು. ಇಂಧನಕ್ಕೆ ಕೆಂಪು ಬಣ್ಣ ಬಂದರೆ ಅದು ಶಾಖವನ್ನು ಹೆಚ್ಚು ಹೀರಬಹುದೆಂಬ ಊಹೆಯಿಂದ ಅಯೋಡಿನ್ ಬೆರೆಸಲಾಯಿತು. ಬಡಿತ ಕಡಿಮೆಯಾಯಿತು. ಆದರೆ ಬೇರೆ ಕೆಂಪು ಬಣ್ಣಗಳಿಂದ ಏನೂ ಆಗಲಿಲ್ಲ. ಪರಿಣಾಮ ಬೀರಿದ್ದು ಬಣ್ಣವಲ್ಲ, ಅಯೋಡಿನ್ ಎಂಬುದು ಹೀಗೆ ತಿಳಿಯಿತು.

ಹಲವು ವರ್ಷಗಳ ಹುಡುಕಾಟದ ನಂತರ 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವು ಅತ್ಯಲ್ಪ ಪ್ರಮಾಣದಲ್ಲಿಯೇ ಬಡಿತವನ್ನು ನಿಲ್ಲಿಸುವುದು ಕಂಡುಬಂದಿತು. ಮದ್ಯಸಾರ ಬೆರೆಸಿದರೂ ಬಡಿತ ನಿಲ್ಲುವುದೆಂದು ಈ ತಂಡಕ್ಕೆ ಗೊತ್ತಿತ್ತು. ಆದರೆ ಸೀಸ ಅಗ್ಗವಾಗಿತ್ತು, ಸ್ವಲ್ಪವೇ ಸಾಕಾಗುತ್ತಿತ್ತು, ಪೇಟೆಂಟ್ ಪಡೆಯುವುದೂ ಸಾಧ್ಯವಿತ್ತು. 1923ರಲ್ಲಿ ಡೇಟನ್ನಿನಲ್ಲಿ ಮಾರಾಟ ಆರಂಭವಾಯಿತು. 1924ರಲ್ಲಿ ಸ್ಥಾಪನೆಯಾದ ಈಥೈಲ್ ಗ್ಯಾಸೋಲಿನ್ ಕಾರ್ಪೊರೇಷನ್ನಿನ ಮೊದಲ ಅಧ್ಯಕ್ಷರು ಕೆಟರಿಂಗ್. ಮಾರಾಟದ ಹೆಸರಿನಲ್ಲಿ ಸೀಸ ಎಂಬ ಮಾತೇ ಇರಲಿಲ್ಲ.

ಸೀಸವು ವಿಷವೆಂಬುದು ಆಗ ಅಜ್ಞಾತವಾಗಿರಲಿಲ್ಲ. ಮಿಡ್ಜ್‌ಲಿ ಅವರೇ ಸೀಸದ ವಿಷದಿಂದ ಅಸ್ವಸ್ಥರಾಗಿದ್ದರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮೃತಪಟ್ಟರು. ಅನೇಕರು ತೀವ್ರವಾಗಿ ಅಸ್ವಸ್ಥರಾದರು. ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. 1925ರ ಮೇ ತಿಂಗಳಿನಲ್ಲಿ ಅಮೆರಿಕದ ಸರ್ಜನ್ ಜನರಲ್ ವಾಷಿಂಗ್ಟನ್ನಿನಲ್ಲಿ ಕರೆದ ಸಮ್ಮೇಳನದಲ್ಲಿ ಕೆಟರಿಂಗ್ ಈ ಇಂಧನದ ಪರವಾಗಿ ಮಾತನಾಡಿದರು. ಕಾರ್ಮಿಕ ಆರೋಗ್ಯ ತಜ್ಞೆ ಆಲಿಸ್ ಹ್ಯಾಮಿಲ್ಟನ್ ಮೊದಲಾದವರು ವಿರೋಧಿಸಿದರು. ನಂತರ ನೇಮಕವಾದ ಸಮಿತಿಯು ಅಲ್ಪಾವಧಿಯ ಅಧ್ಯಯನ ನಡೆಸಿ, ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು ವರದಿ ಮಾಡಿತು. 1926ರಲ್ಲಿ ಮಾರಾಟ ಪುನರಾರಂಭವಾಗಿ ಜಗತ್ತಿನಾದ್ಯಂತ ಹರಡಿತು.

1960ರ ದಶಕದಲ್ಲಿ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅವರ ಸಂಶೋಧನೆಗಳು ವಾತಾವರಣದಲ್ಲಿ ಸೀಸವು ಎಷ್ಟು ಹೆಚ್ಚಿದೆ ಎಂಬುದನ್ನು ತೋರಿಸಿದವು. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಹಾನಿಕರವೆಂಬುದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು. ಅಮೆರಿಕದ ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ 1996ರಲ್ಲಿ ಸಂಪೂರ್ಣವಾಗಿ ನಿಷೇಧವಾಯಿತು. ಭಾರತದಲ್ಲಿ 2000ದಲ್ಲಿ ನಿಂತಿತು. 2021ರಲ್ಲಿ ಆಲ್ಜೀರಿಯಾ ಇದನ್ನು ಕೈಬಿಡುವುದರೊಂದಿಗೆ ಕಾರುಗಳಲ್ಲಿ ಸೀಸದ ಬಳಕೆ ಜಗತ್ತಿನಲ್ಲಿ ಕೊನೆಗೊಂಡಿತು. ಈ ದುಷ್ಪರಿಣಾಮಗಳ ಪೂರ್ಣ ಅರಿವು ಮೂಡುವ ವೇಳೆಗೆ ಕೆಟರಿಂಗ್ ಬದುಕಿರಲಿಲ್ಲ. ಆದರೆ ಮೊದಲ ಎಚ್ಚರಿಕೆಗಳು ಅವರ ಕಣ್ಣೆದುರಿನಲ್ಲಿಯೇ ಬಂದಿದ್ದವು ಎಂಬುದನ್ನು ವಿಮರ್ಶಕರು ಎತ್ತಿ ತೋರಿಸುತ್ತಾರೆ. ಶೈತ್ಯಯಂತ್ರಗಳಿಗಾಗಿ ಇದೇ ತಂಡ ರೂಪಿಸಿದ ಫ್ರಿಯಾನ್ ಅನಿಲದ ವಿಷಯದಲ್ಲಿ ಪರಿಸ್ಥಿತಿ ಬೇರೆ. ಅದು ಓಜೋನ್ ಪದರವನ್ನು ತೆಳುಗೊಳಿಸುತ್ತದೆಂಬುದು ಗೊತ್ತಾದದ್ದು 1970ರ ದಶಕದಲ್ಲಿ.

ಲೋಕಸೇವೆ ಮತ್ತು ನಿಧನ

1927ರಲ್ಲಿ ಅವರು ಕೆಟರಿಂಗ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಹಸಿರೆಲೆಗಳ ದ್ಯುತಿಸಂಶ್ಲೇಷಣೆಯ ಕುರಿತ ಸಂಶೋಧನೆಗೆ ವಿಶೇಷ ಬೆಂಬಲ ನೀಡಿದರು. 1945ರಲ್ಲಿ ಜನರಲ್ ಮೋಟಾರ್ಸ್ ಅಧ್ಯಕ್ಷ ಆಲ್‌ಫ್ರೆಡ್ ಸ್ಲೋನ್ ಅವರೊಂದಿಗೆ ಕ್ಯಾನ್ಸರ್ ಸಂಶೋಧನೆಗಾಗಿ ನ್ಯೂಯಾರ್ಕಿನಲ್ಲಿ ಸ್ಲೋನ್-ಕೆಟರಿಂಗ್ ಸಂಸ್ಥೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಷ್ಟ್ರೀಯ ಆವಿಷ್ಕಾರಕರ ಮಂಡಳಿಯ ಅಧ್ಯಕ್ಷರಾಗಿದ್ದರು. 1947ರಲ್ಲಿ ಜನರಲ್ ಮೋಟಾರ್ಸ್‌ನಿಂದ ನಿವೃತ್ತರಾದರು. 1958ರ ನವೆಂಬರಿನಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ ನಿಧನರಾದರು. ಡೇಟನ್ನಿನ ವುಡ್‌ಲ್ಯಾಂಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪರಂಪರೆ

ಡೇಟನ್ ಬಳಿಯ ಕೆಟರಿಂಗ್ ನಗರಕ್ಕೆ ಇವರ ಹೆಸರನ್ನಿಡಲಾಗಿದೆ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿದ್ದ ಜನರಲ್ ಮೋಟಾರ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು 1998ರಲ್ಲಿ ಕೆಟರಿಂಗ್ ವಿಶ್ವವಿದ್ಯಾಲಯವೆಂದು ಮರುನಾಮಕರಣಗೊಂಡಿತು. 1970ರ ದಶಕದಲ್ಲಿ ಟ್ರಾನ್ಸಿಸ್ಟರ್ ಆಧಾರಿತ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು, ಸವೆಯುವ ಪಾಯಿಂಟುಗಳು ಹೊಸ ಕಾರುಗಳಿಂದ ಕ್ರಮೇಣ ಮರೆಯಾದವು. ಆದರೂ ಬ್ಯಾಟರಿಯ ಅಲ್ಪ ಒತ್ತಡದ ಪ್ರವಾಹವನ್ನು ಕಾಯಿಲಿನಲ್ಲಿ ಥಟ್ಟನೆ ಕಡಿದು ಅಧಿಕ ಒತ್ತಡದ ಕಿಡಿಯನ್ನು ಪಡೆಯುವ ತತ್ತ್ವ ಇಂದಿನ ಪೆಟ್ರೋಲ್ ಕಾರುಗಳಲ್ಲಿಯೂ ಮುಂದುವರಿದಿದೆ. ಹಳೆಯ ಕಾರುಗಳಲ್ಲಂತೂ ಕೆಟರಿಂಗ್ ವ್ಯವಸ್ಥೆಯೇ ಇನ್ನೂ ದುಡಿಯುತ್ತಿದೆ. ಸೀಸವಿಲ್ಲದ ಪೆಟ್ರೋಲಿಗೆ ಹೊಂದಿಕೊಳ್ಳಲು ಇಂತಹ ಅನೇಕ ಕಾರುಗಳ ಕವಾಟದ ಪೀಠಗಳನ್ನು ಗಟ್ಟಿ ಲೋಹದವುಗಳಿಗೆ ಬದಲಾಯಿಸಬೇಕಾಗುತ್ತದೆ. ಹೀಗೆ ಒಂದೇ ಎಂಜಿನ್ನಿನಲ್ಲಿ ಕೆಟರಿಂಗ್ ಅವರ ಒಂದು ಕೊಡುಗೆಯನ್ನು ಉಳಿಸಿಕೊಂಡು, ಇನ್ನೊಂದನ್ನು ಬಿಡಲಾಗಿದೆ.